ಸಿನಾಯ್ ಮರಳಿನಲ್ಲಿ ಮೈಸೂರಿನ ಕುದುರೆಗಳು

 

ಇವತ್ತು ನಾನು ಹೇಳುವುದು ಬಹಳ ದೂರದ ಮಾತು. ಸಮುದ್ರ ದಾಟಿ, ಮಳೆ ಕಾಣದ ಮರಳುಗಾಡಿನ ಮಾತು. ಅಲ್ಲಿಗೂ ನಮಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಾನೂ ಹಾಗೇ ಕೇಳಿಕೊಂಡೆ. ಮಗಳ ಮನೆಗೆಂದು ಬೆಂಗಳೂರಿಗೆ ಹೋಗಿದ್ದಾಗ ಬೆಳಿಗ್ಗೆ ನಡೆದಾಡಲು ಜೆ.ಸಿ. ನಗರದ ಕಡೆ ಹೊರಟಿದ್ದೆ. ಅಲ್ಲಿ ರಸ್ತೆಯ ಪಕ್ಕ ಒಂದು ಕಲ್ಲಿನ ಕಂಬ ಇದೆ. ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ಪಡೆಯವರ ಸ್ಮಾರಕ. ಮೊದಲನೇ ಮಹಾಯುದ್ಧದಲ್ಲಿ ಊರಿಗೆ ಮರಳದೆ ಹೋದ ನಮ್ಮವರ ಹೆಸರು ಅದರ ಮೇಲಿದೆ. ಹಿಂದೂ ಹೆಸರೂ ಇದೆ, ಮುಸಲ್ಮಾನರ ಹೆಸರೂ ಇದೆ. ಸುತ್ತ ಬಸ್ಸು, ಆಟೋ, ತರಕಾರಿ ಗಾಡಿ. ಯಾರೂ ತಲೆ ಎತ್ತಿ ನೋಡುವುದಿಲ್ಲ. ನಾನು ನಿಂತು ಒಂದೊಂದೇ ಹೆಸರು ಓದಿದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಎಂದು ಬೆಳೆದ ನನ್ನಂಥವನಿಗೆ ಕನ್ನಡದ ನೆಲದ ಹೆಸರು ಎಲ್ಲಿ ಕಂಡರೂ ಕಾಲು ನಿಲ್ಲುತ್ತದೆ.

ನಾನು ಎಸ್.ಎಸ್.ಎಲ್.ಸಿ. ತನಕ ಓದಿದವನು. ಇತಿಹಾಸದ ಪಂಡಿತನಲ್ಲ. ಆದರೆ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಬಹಳ ವರ್ಷ ಜಮೀನಿನ ಕಾಗದ ನೋಡಿದ್ದೇನೆ. ಯಾರ ಜಮೀನು, ಯಾರಿಗೆ ಅಡ, ನಾಲ್ಕು ಎಲ್ಲೆ ಯಾವುದು, ವಿಲ್ಲಂಗ ಇದೆಯೋ ಇಲ್ಲವೋ ಎಂದು ನೋಡಿ ನೋಡಿ ಕಣ್ಣು ಸವೆದಿದೆ. ಆ ಕಣ್ಣಿನಿಂದಲೇ ಈ ಕಥೆಯನ್ನು ನೋಡಿದ್ದೇನೆ.

ಮೊದಲು ಜಾಗ ಯಾವುದೆಂದು ತಿಳಿಯೋಣ. ಈಜಿಪ್ಟಿನ ಪೂರ್ವಕ್ಕೆ ಸಿನಾಯ್ ಎಂಬ ಮರುಭೂಮಿ ಇದೆ. ಸುಮಾರು 60,000 ಚದರ ಕಿಲೋಮೀಟರು. ನಮ್ಮ ತೇನಿ ಜಿಲ್ಲೆಯಂಥ 20 ಜಿಲ್ಲೆ ಅದರೊಳಗೆ ಹಿಡಿಸುತ್ತವೆ. ಅದರ ಪಶ್ಚಿಮದ ಅಂಚಿನಲ್ಲಿ ಸೂಯೆಜ್ ಕಾಲುವೆ. 1869ರಲ್ಲಿ ತೆರೆದ ಆ ಕಾಲುವೆಯಿಂದ ಇಂಗ್ಲೆಂಡಿಗೂ ಬೊಂಬಾಯಿಗೂ ನಡುವೆ ಹಡಗಿನ ದಾರಿ ಸಾವಿರಾರು ಮೈಲಿ ಕಡಿಮೆಯಾಯಿತು. ಕಾಲುವೆ ಯಾರ ಕೈಯಲ್ಲಿದೆಯೋ ಭಾರತದ ಬಾಗಿಲಿನ ಬೀಗದಕೈ ಅವರ ಕೈಯಲ್ಲಿದೆ ಎಂದು ಬ್ರಿಟಿಷರು ಲೆಕ್ಕ ಹಾಕಿದರು. 1882ರಲ್ಲಿ ಈಜಿಪ್ಟಿಗೆ ಸೈನ್ಯ ಇಳಿಸಿ ಕೂತರು. ಸಿನಾಯ್‌ನ ಆಚೆಗೆ, ಅಂದರೆ ಗಾಜಾ, ಜೆರುಸಲೇಮ್, ಹೈಫಾ, ಡಮಾಸ್ಕಸ್, ಎಲ್ಲವೂ ತುರ್ಕಿ ಸುಲ್ತಾನನ ಆಳ್ವಿಕೆ. ಹೀಗೆ ಆ ಮರಳುಗಾಡು ಎರಡು ಸಾಮ್ರಾಜ್ಯಗಳ ನಡುವಿನ ಗಡಿಯಾಯಿತು.

1914ರಲ್ಲಿ ಯುದ್ಧ ಬಂತು. ತುರ್ಕಿ ಜರ್ಮನಿಯ ಕಡೆ ಸೇರಿತು. ಆಗ ಬ್ರಿಟನ್ನೇ ಲೋಕದ ದೊಡ್ಡಣ್ಣ. ಇವತ್ತು ಅಮೆರಿಕವನ್ನು ನಾವು ಹೇಗೆ ಹೇಳುತ್ತೇವೋ ಹಾಗೆ. ಮೈಸೂರು ಸಂಸ್ಥಾನಕ್ಕೆ ಅದರ ಮಾತು ಮೀರುವ ಸ್ವಾತಂತ್ರ್ಯ ಇರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧ ನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು. ಆ ಕಾಲದ 50 ಲಕ್ಷ. ಜೊತೆಗೆ ತಮ್ಮ ಕುದುರೆ ಪಡೆಯನ್ನೂ ಕಳಿಸಿದರು. 1914ರ ಅಕ್ಟೋಬರಿನಲ್ಲಿ ನಮ್ಮ ಹುಡುಗರು ಬೆಂಗಳೂರು ಬಿಟ್ಟು, ಹಡಗು ಹತ್ತಿ ಈಜಿಪ್ಟಿಗೆ ಹೋದರು. ಜೋಧಪುರ, ಹೈದರಾಬಾದಿನ ಕುದುರೆ ಪಡೆಗಳೂ ಅವರ ಜೊತೆ ಒಂದೇ ದಳದಲ್ಲಿದ್ದವು.

ರಾಗಿ ಹೊಲ, ಕೆರೆ ಏರಿ ಕಂಡವರು ಮರಳು ಕಂಡರು. 1915ರ ಫೆಬ್ರವರಿಯಲ್ಲಿ ತುರ್ಕರು ಸಿನಾಯ್ ದಾಟಿ ಕಾಲುವೆಯ ಮೇಲೆ ಬಿದ್ದರು. ಕಾಲುವೆ ಕಾದ ಸೈನ್ಯದಲ್ಲಿ ಬಹುಪಾಲು ಭಾರತೀಯರು. ತುರ್ಕರು ಹಿಂದೆ ಸರಿದರು. ಆಮೇಲೆ ಬ್ರಿಟಿಷರು ಮರುಭೂಮಿಯಲ್ಲಿ ರೈಲು ಹಳಿ ಹಾಸಿ, ನೈಲ್ ನದಿಯ ನೀರನ್ನು ಪೈಪಿನಲ್ಲಿ ಎಳೆದುಕೊಂಡೇ ಮುಂದೆ ಸಾಗಿದರು. ನೀರಿಲ್ಲದ ಊರಲ್ಲಿ ತೋಪಿಗಿಂತ ಪೈಪು ದೊಡ್ಡದು ಎಂಬುದು ನಮ್ಮ ಕಣಿವೆಯವರಿಗೆ ವಿವರಿಸಬೇಕಿಲ್ಲ. 1917ರ ನವೆಂಬರಿನಲ್ಲಿ ಗಾಜಾ ಬಿತ್ತು. ಡಿಸೆಂಬರಿನಲ್ಲಿ ಜೆರುಸಲೇಮ್ ಕೈಸೇರಿತು.

1918ರ ಸೆಪ್ಟೆಂಬರ್ 23ರಂದು ಹೈಫಾ. ಅದು ಸಮುದ್ರ ದಡದ ಬಂದರು. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಹೊಳೆಯ ಕೆಸರು. ಬೆಟ್ಟದ ಮೇಲೆ ತೋಪು, ಮೆಷಿನ್ ಗನ್ನು. ನಮ್ಮವರ ಕೈಯಲ್ಲಿ ಭಲ್ಲೆ, ಕತ್ತಿ. ಮೈಸೂರಿನ ಒಂದು ತುಕಡಿಯನ್ನು ತೋಪು ಹಿಡಿಯಲು ಬೆಟ್ಟ ಹತ್ತಿಸಿದರು. ಜೋಧಪುರದವರು ಕೆಳಗಿನಿಂದ ಊರಿಗೆ ನುಗ್ಗಿದರು, ಉಳಿದ ಮೈಸೂರಿನವರು ಅವರ ಬೆನ್ನಿಗೆ ಹೋದರು. ಸಂಜೆಯ ಹೊತ್ತಿಗೆ ಊರು ಕೈಸೇರಿತು. 1,350 ಮಂದಿ ಸೆರೆಸಿಕ್ಕರು, 17 ತೋಪು ಸಿಕ್ಕಿದವು. ದಳದಲ್ಲಿ 8 ಮಂದಿ ಸತ್ತರು, 34 ಮಂದಿಗೆ ಗಾಯ. ಸತ್ತವರಲ್ಲಿ ಜೋಧಪುರದ ಮೇಜರ್ ದಳಪತ್ ಸಿಂಗ್ ಒಬ್ಬರು. ಕುದುರೆಗಳು 60 ಸತ್ತವು, 83ಕ್ಕೆ ಗಾಯ. ನಮ್ಮ ಕಂಬಂನ ತಂಬಿರಾನ್ ಮಾಟ್ಟುತ್ತೊಳುವಿನಲ್ಲಿ ಒಂದು ಎತ್ತಿಗೆ ಕೈಮುಗಿದು ನಿಲ್ಲುವ ಜನ ನಾವು. ಆ 60 ಕುದುರೆಗಳ ಲೆಕ್ಕವನ್ನೂ ಮರೆಯಬಾರದು. ಅವು ಯಾವ ದೇಶದ ಮೇಲೂ ಯುದ್ಧ ಸಾರಿರಲಿಲ್ಲ.

ಅಕ್ಟೋಬರ್ 26ರಂದು ಅಲೆಪ್ಪೋ ಹತ್ತಿರ ಹರಿತಾನ್ ಎಂಬಲ್ಲಿ ಮೈಸೂರು, ಜೋಧಪುರದವರು ಮತ್ತೊಮ್ಮೆ ನುಗ್ಗಿದರು. ಹೈಫಾಕ್ಕಿಂತ ಹೆಚ್ಚು ಜನ ಅಲ್ಲಿ ಸತ್ತರು. ನಾಲ್ಕು ದಿನ ಕಳೆದು 30ರಂದು ತುರ್ಕಿಯ ಜೊತೆ ಕದನ ನಿಲ್ಲಿಸುವ ಒಪ್ಪಂದಕ್ಕೆ ಸಹಿಯಾಯಿತು. ನಾಲ್ಕು ದಿನ. ಆ ಮನೆಯವರಿಗೆ ಈ ನಾಲ್ಕು ದಿನ ಎಷ್ಟು ಉದ್ದ ಇದ್ದಿರಬೇಕು ಎಂದು ಯೋಚಿಸಿ.

ಇಲ್ಲಿಯವರೆಗೆ ಶೌರ್ಯದ ಕಥೆ. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ 1922ರಲ್ಲಿ ನಿಲ್ಲಿಸಿದ ಮೂರು ಯೋಧರ ಪ್ರತಿಮೆ ಇದೇ ಮೂರು ಸಂಸ್ಥಾನಗಳದ್ದು. ಅದರಲ್ಲಿ ಒಬ್ಬ ನಮ್ಮ ಮೈಸೂರಿನವನು. 2018ರ ಜನವರಿಯಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರನ್ನೂ ಸೇರಿಸಿದರು. ಇದು ಪಠ್ಯಪುಸ್ತಕದಲ್ಲಿ ಬರಬಹುದಾದ ಭಾಗ. ಆದರೆ ಅವರು ಗೆದ್ದುಕೊಟ್ಟ ನೆಲದ ಕಾಗದಪತ್ರ ಹೇಗಿತ್ತು? ಅದನ್ನು ನೋಡದೆ ಕಥೆ ಮುಗಿಸಿದರೆ ಗುಮಾಸ್ತನ ಕೆಲಸ ಅರ್ಧವಾದಂತೆ.

ಯುದ್ಧ ನಡೆಯುವಾಗ ಬ್ರಿಟನ್ ಮೂರು ಕಾಗದ ಬರೆಯಿತು.

ಒಂದು, 1915ರ ಅಕ್ಟೋಬರ್ 24ರ ಪತ್ರ. ಈಜಿಪ್ಟಿನಲ್ಲಿದ್ದ ಬ್ರಿಟಿಷ್ ಅಧಿಕಾರಿ ಮ್ಯಾಕ್‌ಮಹೋನ್ ಮೆಕ್ಕಾದ ಷರೀಫ್ ಹುಸೇನರಿಗೆ ಬರೆದದ್ದು. ತುರ್ಕರ ಮೇಲೆ ದಂಗೆ ಏಳಿ, ಅರಬರ ಸ್ವಾತಂತ್ರ್ಯವನ್ನು ನಾವು ಒಪ್ಪುತ್ತೇವೆ ಎಂಬುದು ಅದರ ಸಾರ. ಕೆಲವು ಭಾಗ ಬಿಟ್ಟು ಎಂದು ಬರೆದು, ಆ ಬಿಟ್ಟ ಭಾಗದ ಎಲ್ಲೆಯನ್ನು ಡಮಾಸ್ಕಸ್ ಮುಂತಾದ ನಾಲ್ಕು ಊರುಗಳ ಪಶ್ಚಿಮಕ್ಕೆ ಎಂದು ಮಸುಕಾಗಿ ಹೇಳಿದರು. ಪ್ಯಾಲೆಸ್ಟೈನ್ ಅದರೊಳಗೆ ಬರುತ್ತದೋ ಇಲ್ಲವೋ ಎಂದು ಆಮೇಲೆ ದಶಕಗಟ್ಟಲೆ ಜಗಳವಾಯಿತು. ಬರುತ್ತದೆ ಎಂದು ಬ್ರಿಟಿಷರು, ಬರುವುದಿಲ್ಲ ಎಂದು ಅರಬರು.

ಎರಡು, 1916ರ ಮೇ ತಿಂಗಳ ಗುಟ್ಟಿನ ಒಪ್ಪಂದ. ಬ್ರಿಟನ್ನಿನ ಸೈಕ್ಸ್, ಫ್ರಾನ್ಸಿನ ಪಿಕೋ ಸೇರಿ ಮಾಡಿದ್ದು. ಅದೇ ಅರಬ್ ನೆಲದ ಮೇಲೆ ಗೆರೆ ಎಳೆದು ನಿನಗಿಷ್ಟು ನನಗಿಷ್ಟು ಎಂದು ಹಂಚಿಕೊಂಡರು. ಪ್ಯಾಲೆಸ್ಟೈನನ್ನು ಎಲ್ಲರೂ ಸೇರಿ ಆಳುವುದು ಎಂದಿತ್ತು. ಆದರೆ ಹೈಫಾ ಮತ್ತು ಏಕರ್ ಬಂದರುಗಳು ಮಾತ್ರ ಬ್ರಿಟನ್ನಿಗೆ ಎಂದು ಬರೆದುಕೊಂಡಿದ್ದರು. ಕೇಳಿಸಿಕೊಂಡಿರಾ? ನಮ್ಮ ಕುದುರೆ ಪಡೆ ಹೈಫಾ ಗೆಲ್ಲುವುದಕ್ಕೆ ಎರಡು ವರ್ಷ ಮುಂಚೆಯೇ ಹೈಫಾ ಯಾರಿಗೆ ಎಂಬುದು ಕಾಗದದಲ್ಲಿ ಬರೆದಾಗಿತ್ತು. ಬೆಟ್ಟ ಹತ್ತಿದ ಸವಾರನಿಗೆ ಅದನ್ನು ಯಾರು ಹೇಳುತ್ತಾರೆ?

ಮೂರು, 1917ರ ನವೆಂಬರ್ 2ರ ಪತ್ರ. ವಿದೇಶಾಂಗ ಮಂತ್ರಿ ಬಾಲ್ಫೋರ್ ಬರೆದದ್ದು. ಪ್ಯಾಲೆಸ್ಟೈನಿನಲ್ಲಿ ಯಹೂದ್ಯರಿಗೆ ಒಂದು ರಾಷ್ಟ್ರೀಯ ನೆಲೆ ಆಗಲು ಬ್ರಿಟನ್ ನೆರವಾಗುತ್ತದೆ, ಆದರೆ ಅಲ್ಲಿರುವ ಬೇರೆ ಜನರ ನಾಗರಿಕ ಹಾಗೂ ಧಾರ್ಮಿಕ ಹಕ್ಕಿಗೆ ಧಕ್ಕೆಯಾಗಬಾರದು ಎಂದು. ಆ ಬೇರೆ ಜನ ಆಗ ಹತ್ತರಲ್ಲಿ ಒಂಬತ್ತು ಪಾಲು ಇದ್ದರು. ಯೂರೋಪಿನಲ್ಲಿ ಯಹೂದ್ಯರು ತಲೆತಲಾಂತರದಿಂದ ಅನುಭವಿಸಿದ ಕಷ್ಟ ಸುಳ್ಳಲ್ಲ. ಒಂದು ನೆಲೆ ಬೇಕೆಂಬ ಅವರ ಹಂಬಲವೂ ಸುಳ್ಳಲ್ಲ. ಅರಬ ರೈತನ ಆಲಿವ್ ತೋಟವೂ ಸುಳ್ಳಲ್ಲ. ಎರಡು ನಿಜಗಳನ್ನು ಒಂದೇ ಪತ್ರದಲ್ಲಿ ಕಟ್ಟಿಹಾಕಿ, ಬಿಚ್ಚುವ ದಾರಿ ಬರೆಯದೆ ಬಿಟ್ಟರು.

ನಾನು ಕೆಲಸ ಮಾಡಿದ ಒಂದು ಶಾಖೆಯಲ್ಲಿ ಒಬ್ಬ ರೈತ ಬೆಳೆಸಾಲಕ್ಕೆ ಬಂದ. ಕಾಗದ ನೋಡಿದರೆ ಎಲ್ಲ ಸರಿ. ವಿಲ್ಲಂಗ ತೆಗೆಸಿದರೆ ಅದೇ ಒಂದೂವರೆ ಎಕರೆ ಇನ್ನೊಬ್ಬರಿಗೆ ಅಡವಾಗಿದೆ. ಊರಲ್ಲಿ ವಿಚಾರಿಸಿದರೆ ಮೂರನೆಯವರೊಬ್ಬರಿಂದ ಮುಂಗಡವನ್ನೂ ತೆಗೆದುಕೊಂಡಿದ್ದಾನೆ. ಅವನ ತಂದೆಯ ಕಾಯಿಲೆ, ಅವನ ಕಷ್ಟ, ಎಲ್ಲ ನಿಜವೇ. ಆದರೂ ಒಂದು ಹೊಲ ಮೂರು ಜನಕ್ಕೆ ಸೇರಲಾರದು. ಆ ಮೂರು ಮನೆಯವರು ಒಬ್ಬರನ್ನೊಬ್ಬರು ಬೈದರು, ಹೊಡೆದಾಡಿದರು, ಕೋರ್ಟಿಗೆ ಹೋದರು. ಅಡ ಇಟ್ಟವನು ಮಾತ್ರ ಊರು ಬಿಟ್ಟು ಹೋಗಿದ್ದ. ಸಾಲ ಕೊಡದೆ ಉಳಿದದ್ದು ನಮ್ಮ ಅದೃಷ್ಟ.

ಬ್ರಿಟನ್ ಮಾಡಿದ್ದೂ ಇದೇ. ಅಷ್ಟೂ ಸಾಲದೆಂಬಂತೆ ಅಡ ಇಟ್ಟ ಹೊಲ ಅದರದ್ದೇ ಆಗಿರಲಿಲ್ಲ. 1920ರಲ್ಲಿ ಗೆದ್ದ ರಾಷ್ಟ್ರಗಳು ಕೂತು ಪ್ಯಾಲೆಸ್ಟೈನನ್ನು ಬ್ರಿಟನ್ನಿನ ಉಸ್ತುವಾರಿಗೆ ಕೊಟ್ಟವು. ಜಗಳ ಕೈಮೀರಿದಾಗ 1947ರಲ್ಲಿ ಬ್ರಿಟನ್ ಕಡತವನ್ನು ವಿಶ್ವಸಂಸ್ಥೆಯ ಮೇಜಿನ ಮೇಲಿಟ್ಟಿತು. 1948ರ ಮೇ ತಿಂಗಳಲ್ಲಿ ಊರು ಬಿಟ್ಟು ಹೋಯಿತು. ಹೋದ ದಿನವೇ ಇಸ್ರೇಲ್ ಘೋಷಣೆಯಾಯಿತು, ಮರುದಿನ ಅಕ್ಕಪಕ್ಕದ ಅರಬ್ ದೇಶಗಳ ಸೈನ್ಯ ನುಗ್ಗಿತು. ಆ ಯುದ್ಧದಲ್ಲಿ ಸುಮಾರು ಏಳು ಲಕ್ಷ ಪ್ಯಾಲೆಸ್ಟೈನಿನ ಅರಬರು ಮನೆ ಕಳೆದುಕೊಂಡರು.

ಈಗ ನಮ್ಮೂರಿಗೆ ಒಂದು ನಿಮಿಷ ಬರೋಣ. ಅದೇ ಬ್ರಿಟಿಷರು ಬರೆಸಿದ ಇನ್ನೊಂದು ಕಾಗದದಿಂದಲೇ ನಾವು ಬದುಕಿದ್ದೇವೆ. 1886ರ ಅಕ್ಟೋಬರ್ 29ರ ಮುಲ್ಲೈಪೆರಿಯಾರ್ ಗುತ್ತಿಗೆ. ತಿರುವಾಂಕೂರು ಮಹಾರಾಜರ ಕಡೆಯಿಂದ ಬ್ರಿಟಿಷ್ ಸರಕಾರಕ್ಕೆ 999 ವರ್ಷದ ಗುತ್ತಿಗೆ. ಜಲಾಶಯಕ್ಕೆ 8,000 ಎಕರೆ, ಎಕರೆಗೆ 5 ರೂಪಾಯಿ ಬಾಡಿಗೆ. 1895ರಲ್ಲಿ ಅಣೆಕಟ್ಟು ಮುಗಿಯಿತು. ಪೆನ್ನಿಕ್ವಿಕ್ ದೊರೆಯ ಪಟವನ್ನು ಮನೆಯಲ್ಲಿಟ್ಟು ಪೊಂಗಲ್ ಇಡುವವರು ನಾವು. ಲೋಯರ್ ಕ್ಯಾಂಪಿನಲ್ಲಿ ಅವರಿಗೆ ಮಣಿಮಂಟಪವೂ ಇದೆ. ಅವರ ಋಣ ದೊಡ್ಡದು, ಅದರಲ್ಲಿ ಮಾತಿಲ್ಲ.

ಆದರೆ ಘಟ್ಟದ ಮೇಲಿನವರನ್ನು ಕೇಳಿ. ದೊಡ್ಡವನ ಮುಂದೆ ಚಿಕ್ಕ ಸಂಸ್ಥಾನ ಒಪ್ಪದೆ ಇರಲು ಸಾಧ್ಯವಿತ್ತೇ ಎಂದು ಅವರು ಕೇಳುತ್ತಾರೆ. ನಾವು ನೀರು ಎನ್ನುತ್ತೇವೆ, ಅವರು ಭಯ ಎನ್ನುತ್ತಾರೆ. 1970ರಲ್ಲಿ ಎರಡು ರಾಜ್ಯಗಳು ಕೂತು ಬಾಡಿಗೆಯನ್ನು ಎಕರೆಗೆ 30 ರೂಪಾಯಿ ಮಾಡಿ ಗುತ್ತಿಗೆಯನ್ನು ಒಪ್ಪಿಕೊಂಡವು. 2014ರಲ್ಲಿ ಸುಪ್ರೀಂ ಕೋರ್ಟು 142 ಅಡಿ ಎಂದು ಹೇಳಿತು. ಆ ವ್ಯಾಜ್ಯದ ಸರಿತಪ್ಪು ತೀರ್ಮಾನಿಸಲು ನಾನು ಇಲ್ಲಿ ಕೂತಿಲ್ಲ. ಒಂದು ಮಾತು ಮಾತ್ರ ಗಮನಿಸಿ. ನಮ್ಮ ವ್ಯಾಜ್ಯಕ್ಕೆ ಕಾಗದ ಒಂದೇ. ಅದನ್ನು ಓದಲು ಕೋರ್ಟಿದೆ, ಎರಡು ಕಡೆಯವರೂ ಒಂದೇ ದೇಶದವರು. ಅಲ್ಲಿ ಕಾಗದ ಮೂರು, ಕೋರ್ಟು ಹೇಳಿದರೂ ಕೇಳಿಸುವವರಿಲ್ಲ.

ಮುಂದೆ ದೊಡ್ಡಣ್ಣ ಬದಲಾದದ್ದನ್ನು ನೋಡೋಣ. 1956ರ ಜುಲೈ 26ರಂದು ಈಜಿಪ್ಟಿನ ನಾಸರ್ ಸೂಯೆಜ್ ಕಾಲುವೆ ಕಂಪನಿಯನ್ನು ರಾಷ್ಟ್ರೀಕರಣ ಮಾಡಿದರು. ಬ್ರಿಟನ್, ಫ್ರಾನ್ಸ್, ಇಸ್ರೇಲ್ ಗುಟ್ಟಾಗಿ ಮಾತಾಡಿಕೊಂಡವು. ಅಕ್ಟೋಬರ್ 29ರಂದು ಇಸ್ರೇಲ್ ಸಿನಾಯ್‌ಗೆ ನುಗ್ಗಿತು. ಜಗಳ ಬಿಡಿಸುವ ನೆಪದಲ್ಲಿ ಬ್ರಿಟನ್, ಫ್ರಾನ್ಸ್ ಬಾಂಬು ಹಾಕಿ ಸೈನ್ಯ ಇಳಿಸಿದವು. ರಷ್ಯ ಗುಡುಗಿತು. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಕೂಡ ಒಪ್ಪಲಿಲ್ಲ. ಬ್ರಿಟನ್ ಅವರ ಸ್ನೇಹಿತನೇ. ಆದರೂ ಒಪ್ಪಲಿಲ್ಲ.

ಇಲ್ಲಿ ಬ್ಯಾಂಕಿನವನಿಗೆ ಕುತೂಹಲ ಹುಟ್ಟಿಸುವ ಸಂಗತಿ ಇದೆ. ಅಮೆರಿಕ ಒಂದು ಗುಂಡನ್ನೂ ಹಾರಿಸಲಿಲ್ಲ. ಬ್ರಿಟನ್ನಿನ ಪೌಂಡು ಕುಸಿಯುತ್ತಿತ್ತು. ನವೆಂಬರ್ ಒಂದೇ ತಿಂಗಳಲ್ಲಿ ಅದರ ಖಜಾನೆಯಿಂದ ಸುಮಾರು 28 ಕೋಟಿ ಡಾಲರ್ ಕರಗಿಹೋಯಿತು. ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ ಹಣ ತೆಗೆಯಲು ಅಮೆರಿಕದ ಬೆಂಬಲ ಬೇಕು. ಸೈನ್ಯ ಹಿಂದಕ್ಕೆ ಕರೆಸು, ಆಮೇಲೆ ನೋಡೋಣ ಎಂದಿತು ಅಮೆರಿಕ. ಡಿಸೆಂಬರಿನಲ್ಲಿ ಬ್ರಿಟನ್ ಒಪ್ಪಿತು, 56 ಕೋಟಿ ಡಾಲರ್ ಸಿಕ್ಕಿತು, ಸೈನ್ಯ ಮರಳಿತು. ಲೋಕವನ್ನೇ ಅಡ ಹಿಡಿದಿದ್ದವನು ಸಾಲದ ಕೌಂಟರಿನ ಮುಂದೆ ಟೋಕನ್ ಹಿಡಿದು ನಿಂತ. ಅಮೆರಿಕದ ಒತ್ತಾಯದಿಂದ ಇಸ್ರೇಲ್ ಕೂಡ 1957ರ ಮಾರ್ಚಿನಲ್ಲಿ ಸಿನಾಯ್ ಬಿಟ್ಟಿತು.

ಆ ಮರಳಿನಲ್ಲಿ ಕಾವಲು ನಿಲ್ಲಲು ವಿಶ್ವಸಂಸ್ಥೆ ಒಂದು ಪಡೆ ಕಳಿಸಿತು. ಅದರಲ್ಲಿ ನಮ್ಮ ಭಾರತದ ಸೈನಿಕರು ಹತ್ತು ವರ್ಷ ಇದ್ದರು. ಅದರ ಸೇನಾಪತಿಗಳಲ್ಲಿ ಇಬ್ಬರು, ಜ್ಞಾನಿ ಮತ್ತು ರಿಖ್ಯೆ, ಭಾರತೀಯರು. 1914ರಲ್ಲಿ ಹೋದವರು ಸಾಮ್ರಾಜ್ಯದ ಆಜ್ಞೆಗೆ ಹೋದವರು. 1956ರಲ್ಲಿ ಹೋದವರು ಸ್ವತಂತ್ರ ದೇಶದವರು, ಯಾರ ನೆಲವನ್ನೂ ಗೆಲ್ಲಲು ಹೋದವರಲ್ಲ. ಈ ವ್ಯತ್ಯಾಸ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. 1967ರಲ್ಲಿ ನಾಸರ್ ಆ ಪಡೆಯನ್ನು ಹೊರಡಲು ಹೇಳಿದರು. ಜೂನ್ 5ರಂದು ಯುದ್ಧ ಹೊತ್ತಿತು. ಗಾಜಾದಲ್ಲಿ ಇನ್ನೂ ಹೊರಡದೆ ಇದ್ದ ನಮ್ಮ ಸೈನಿಕರಲ್ಲಿ ಕೆಲವರು ಆ ಗುಂಡಿನ ನಡುವೆ ಸತ್ತರು. ಆರು ದಿನದಲ್ಲಿ ಸಿನಾಯ್, ಗಾಜಾ, ಜೋರ್ಡಾನ್ ನದಿಯ ಪಶ್ಚಿಮ ದಂಡೆ, ಸಿರಿಯಾದ ಗೋಲಾನ್ ಬೆಟ್ಟ, ಎಲ್ಲ ಇಸ್ರೇಲಿನ ಕೈಗೆ ಹೋದವು.

1973ರಲ್ಲಿ ಈಜಿಪ್ಟ್ ಕಾಲುವೆ ದಾಟಿ ಸಿನಾಯ್‌ಗಾಗಿ ಮತ್ತೆ ಯುದ್ಧ ಮಾಡಿತು. ರಷ್ಯ ಈಜಿಪ್ಟಿಗೆ, ಅಮೆರಿಕ ಇಸ್ರೇಲಿಗೆ ವಿಮಾನದಲ್ಲಿ ಆಯುಧ ಸುರಿದವು. ಆಮೇಲೆ ಅಮೆರಿಕದ ಕಿಸಿಂಜರ್ ಎರಡು ರಾಜಧಾನಿಗಳ ನಡುವೆ ಹಾರಾಡಿ ಸೈನ್ಯಗಳನ್ನು ದೂರ ಸರಿಸಿದರು. 1978ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಕಾರ್ಟರ್, ಈಜಿಪ್ಟಿನ ಸಾದಾತ್ ಮತ್ತು ಇಸ್ರೇಲಿನ ಬೆಗಿನ್ ಇಬ್ಬರನ್ನೂ ಕ್ಯಾಂಪ್ ಡೇವಿಡ್ಡಿನಲ್ಲಿ 13 ದಿನ ಕೂರಿಸಿಕೊಂಡರು. 1979ರ ಮಾರ್ಚ್ 26ರಂದು ಒಪ್ಪಂದಕ್ಕೆ ಸಹಿ. 1982ರ ಏಪ್ರಿಲ್ 25ರಂದು ಇಸ್ರೇಲ್ ಸಿನಾಯ್ ಬಿಟ್ಟಿತು. ಟಾಬಾ ಎಂಬ ಪುಟ್ಟ ದಡ ಉಳಿದಿತ್ತು. ಅದನ್ನು ಪಂಚಾಯ್ತಿಗೆ ಹಾಕಿ, ತೀರ್ಪು ಬಂದು, 1989ರಲ್ಲಿ ಅದೂ ಈಜಿಪ್ಟಿಗೆ ಮರಳಿತು.

ಇದಕ್ಕೆ ಬೆಲೆ ಇರಲಿಲ್ಲವೆಂದಲ್ಲ. ಅರಬ್ ಲೀಗ್ ಈಜಿಪ್ಟನ್ನು ಹೊರಗೆ ಹಾಕಿತು. 1981ರ ಅಕ್ಟೋಬರಿನಲ್ಲಿ ಸಾದಾತರನ್ನು ಅವರದೇ ಸೈನಿಕರು ಕೊಂದರು. ಅಮೆರಿಕ ಅಂದಿನಿಂದ ಎರಡು ದೇಶಗಳಿಗೂ ವರ್ಷ ವರ್ಷ ದೊಡ್ಡ ಮೊತ್ತ ಕೊಡುತ್ತಲೇ ಬಂದಿದೆ. ಈಜಿಪ್ಟಿನ ಸೇನಾ ನೆರವೇ ವರ್ಷಕ್ಕೆ ಸುಮಾರು 130 ಕೋಟಿ ಡಾಲರ್ ಎಂದು ಗೊತ್ತುಮಾಡಿದ್ದು. ಅಮೆರಿಕ ಧರ್ಮಕ್ಕೆ ಮಾಡಲಿಲ್ಲ. ರಷ್ಯವನ್ನು ಹೊರಗಿಡಬೇಕು, ಕಾಲುವೆ ತೆರೆದಿರಬೇಕು, ಎಣ್ಣೆ ಬರಬೇಕು. ಆದರೂ 1979ರ ಮೇಲೆ ಆ ಮರಳಿಗಾಗಿ ಈಜಿಪ್ಟೂ ಇಸ್ರೇಲೂ ಯುದ್ಧ ಮಾಡಿಲ್ಲ.

ಹಾಗಾದರೆ ಸಿನಾಯ್ ಏಕೆ ಇತ್ಯರ್ಥವಾಯಿತು, ಪ್ಯಾಲೆಸ್ಟೈನ್ ಏಕೆ ಆಗಲಿಲ್ಲ? ನನ್ನ ಗುಮಾಸ್ತ ಬುದ್ಧಿಗೆ ತೋಚಿದ್ದು ಇಷ್ಟು. ಸಿನಾಯ್ ಯಾರದ್ದು ಎಂಬುದರಲ್ಲಿ ಕಾಗದ ಚೊಕ್ಕಟವಾಗಿತ್ತು. ಅದು ಈಜಿಪ್ಟಿನದು, ಇಸ್ರೇಲಿಗೂ ಅದು ಗೊತ್ತು. ದೊಡ್ಡಣ್ಣನೂ ಎರಡು ಕಡೆಗೂ ಒಂದೇ ಮಾತು ಹೇಳಿದ, ಎರಡು ಕಡೆಗೂ ಹಣ ಕೊಟ್ಟ, ಮುಗಿಯುವ ತನಕ ಎದ್ದು ಹೋಗಲಿಲ್ಲ. ಪ್ಯಾಲೆಸ್ಟೈನಿನ ವಿಷಯದಲ್ಲಿ ಅದೇ ಕ್ಯಾಂಪ್ ಡೇವಿಡ್ಡಿನಲ್ಲಿ ಬರೆದ ಇನ್ನೊಂದು ಕಾಗದವನ್ನು ಮಸುಕಾಗಿ ಬಿಟ್ಟರು. ಆ ನೆಲದ ಜನರನ್ನು ಮೇಜಿನ ಮುಂದೆ ಕೂರಿಸಿಯೇ ಇರಲಿಲ್ಲ. 2023ರ ಅಕ್ಟೋಬರ್ 7ರಂದು ಇಸ್ರೇಲಿನ ಹಳ್ಳಿಗಳಲ್ಲಿ ಸುಮಾರು 1,200 ಜನರ ಕೊಲೆಯಾಯಿತು. ಆಮೇಲೆ ಗಾಜಾದಲ್ಲಿ ಹತ್ತಾರು ಸಾವಿರ ಜನ ಸತ್ತರು, ಮಕ್ಕಳು ಎಷ್ಟೋ. 1917ರಲ್ಲಿ ನಮ್ಮ ಕುದುರೆಗಳು ಹಾದುಹೋದ ಅದೇ ಗಾಜಾ. ನೂರು ವರ್ಷದ ಹಿಂದಿನ ಕಾಗದದ ಬಡ್ಡಿಯನ್ನು ಇವತ್ತು ಹುಟ್ಟಿದ ಮಗು ಕಟ್ಟುತ್ತಿದೆ.

ಬಂಧುಗಳೆ, ನಾವು ಗಡಿಯ ಊರಿನವರು. ಮನೆಯಲ್ಲಿ ಒಂದು ಭಾಷೆ, ಸಂತೆಯಲ್ಲಿ ಒಂದು ಭಾಷೆ, ಘಟ್ಟ ಹತ್ತಿದರೆ ಇನ್ನೊಂದು ಭಾಷೆ. 2011ರ ಡಿಸೆಂಬರಿನಲ್ಲಿ ಅಣೆಕಟ್ಟಿನ ಗಲಾಟೆಯಾದಾಗ ಕುಮಳಿ ದಾರಿ ಮುಚ್ಚಿದ್ದು ನಿಮಗೆ ನೆನಪಿರಬೇಕು. ನಿನ್ನೆಯ ತನಕ ಒಟ್ಟಿಗೆ ಚಹಾ ಕುಡಿದವರು ಒಬ್ಬರನ್ನೊಬ್ಬರು ಕಂಡು ಹೆದರಿದರು. ತೋಟಕ್ಕೆ ಹೋದ ನಮ್ಮ ಹೆಣ್ಣುಮಕ್ಕಳು ಕಾಡುದಾರಿಯಲ್ಲಿ ನಡೆದು ಮನೆ ಸೇರಿದರು. ಅಂಥ ದಿನ ಮತ್ತೆ ಬಂದರೆ, ದೂರದಿಂದ ಯಾರೋ ಬಂದು ನಮ್ಮ ಕಡೆಗೆ ಒಂದು ಮಾತು, ಅವರ ಕಡೆಗೆ ಒಂದು ಮಾತು ಹೇಳಿದರೆ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದುವ ಶಕ್ತಿ ನಮಗಿದೆ. ಎರಡು ಭಾಷೆ ಬಲ್ಲವನಿಗೆ ಅದು ಕಷ್ಟವಲ್ಲ.

ಮುಂದೆ ಎಂದಾದರೂ ಬೆಂಗಳೂರಿಗೆ ಹೋದರೆ ಜೆ.ಸಿ. ನಗರದ ಆ ಕಲ್ಲುಕಂಬದ ಹತ್ತಿರ ಒಂದು ನಿಮಿಷ ನಿಲ್ಲಿ. ಆ ಹುಡುಗರು ಧೈರ್ಯವಂತರು. ಅವರಿಗೆ ಕೈಮುಗಿಯಿರಿ. ಅವರನ್ನು ಕಳಿಸಿದವರ ಕಾಗದವನ್ನು ಮಾತ್ರ ಇನ್ನೊಮ್ಮೆ ಓದಿ ನೋಡಿ.